ಅಮೈನೋ ಆಮ್ಲಗಳ ಎಡಬಲ ವಿಚಾರ

ಸಸ್ಯಗಳ ಮತ್ತು ಪ್ರಾಣಿಗಳ ಶರೀರದಲ್ಲಿರುವ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಸಾಲಾಗಿ ಕೂಡಿ ಆದುವೆಂಬುದೂ, ಆ ಘಟಕಗಳು ಮುಖ್ಯವಾಗಿ ಇಪ್ಪತ್ತು ಬಗೆಯವೆಂಬುದೂ, ಅವುಗಳಲ್ಲಿ ಗ್ಲೈಸೀನೊಂದನ್ನುಳಿದು ಮಿಕ್ಕವೆಲ್ಲ ‘ಎಡ’ದ ಜಾತಿಗೆ ಸೇರಿದುವೆಂಬುದೂ ಇಂದು ಪಠ್ಯಪುಸ್ತಕಗಳಲ್ಲಿಯೂ ಕಾಣಬರುವ ಮಾತು. ಓದುವವರು ಇದನ್ನು ಒಪ್ಪಿ ಮುಂದೆ ಸಾಗುವರು. ಆದರೆ ಈ ‘ಎಡ’ವೆಂಬುದು ಯಾವುದರ ಎಡ? ಯಾರು ನಿಂತು ನೋಡಿದಾಗ ಎಡ? ಅದನ್ನು ಕಂಡವರು ಯಾರು? ಈ ಪ್ರಶ್ನೆಗಳನ್ನು ಕೇಳಿಕೊಂಡು ಹಿಂದಿನ ಕಾಗದಗಳನ್ನು ತಿರುವಿಹಾಕಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಹೆಸರು ಮೊದಲು ಬಂದಿತು, ವಸ್ತುವಿನ ದರ್ಶನ ಬಹುಕಾಲದ ಮೇಲೆ ಆಯಿತು. ಇವೆರಡರ ನಡುವೆ ಸರಿಯಾಗಿ ಅರುವತ್ತು ವರ್ಷಗಳು ಕಳೆದುವು. ಆ ಅರುವತ್ತು ವರ್ಷಗಳಲ್ಲಿ ಒಂದೇ ಅಕ್ಷರವು ಎರಡು ಬೇರೆ ಬೇರೆ ಅರ್ಥಗಳನ್ನು ಹೊತ್ತು ರಸಾಯನಶಾಸ್ತ್ರಜ್ಞರನ್ನು ಬಹಳವಾಗಿ ತೊಡಕಿಗೆ ಸಿಕ್ಕಿಸಿತು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕುರಿತು ಯೋಚಿಸುವವರಿಗೆ ಈ ಚರಿತ್ರೆಯಲ್ಲಿ ಆಸಕ್ತಿಯುಂಟಾಗಬಹುದೆಂದು ನಂಬಿ ಇದನ್ನು ಬರೆದಿದೆ.

ಮೊದಲು ರಚನೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅಮೈನೋ ಆಮ್ಲದ ಅಣುವಿನ ನಡುವೆ ಇಂಗಾಲದ ಒಂದು ಪರಮಾಣು ಇರುವುದು. ಅದಕ್ಕೆ ನಾಲ್ಕು ಕೈಗಳೆಂದು ಭಾವಿಸಬಹುದು. ಒಂದು ಕೈಯಲ್ಲಿ ಸಾರಜನಕವುಳ್ಳ ಅಮೈನೋ ಗುಂಪು, ಇನ್ನೊಂದರಲ್ಲಿ ಆಮ್ಲಗುಣಕ್ಕೆ ಕಾರಣವಾದ ಕಾರ್ಬಾಕ್ಸಿಲ್ ಗುಂಪು, ಮೂರನೆಯದರಲ್ಲಿ ಜಲಜನಕ, ನಾಲ್ಕನೆಯದರಲ್ಲಿ ಪಾರ್ಶ್ವಗುಂಪು. ಈ ನಾಲ್ಕನೆಯದೇ ಒಂದು ಅಮೈನೋ ಆಮ್ಲವನ್ನು ಮತ್ತೊಂದರಿಂದ ಬೇರ್ಪಡಿಸುವುದು. ಗ್ಲೈಸೀನಿನಲ್ಲಿ ಅದೂ ಜಲಜನಕವೇ. ಅಲನೀನಿನಲ್ಲಿ ಮೀಥೈಲ್ ಗುಂಪು. ಸಿಸ್ಟೀನಿನಲ್ಲಿ ಗಂಧಕವು ಸೇರಿದ ಗುಂಪು. ಅಮೈನೋ ಗುಂಪು ಕ್ಷಾರಗುಣದ್ದು, ಕಾರ್ಬಾಕ್ಸಿಲ್ ಗುಂಪು ಆಮ್ಲಗುಣದ್ದು. ಆದಕಾರಣ ಒಂದೇ ಅಣುವಿನಲ್ಲಿ ಇವು ತಮ್ಮತಮ್ಮೊಳಗೆ ಕೊಟ್ಟುಕೊಂಡು ಒಂದು ತುದಿಯಲ್ಲಿ ಧನವಿದ್ಯುತ್ತನ್ನೂ ಇನ್ನೊಂದು ತುದಿಯಲ್ಲಿ ಋಣವಿದ್ಯುತ್ತನ್ನೂ ತಳೆದು ನಿಲ್ಲುವುವು. ಡೆನ್ಮಾರ್ಕಿನ ಬ್ಯೆರುಮ್ ಇದನ್ನು 1923ರಲ್ಲಿ ಯುಕ್ತಿಯುಕ್ತವಾಗಿ ಸ್ಥಾಪಿಸಿದನು. ಈ ಆಮ್ಲಗಳು ಉಪ್ಪಿನಂತೆ ಗಟ್ಟಿ ಹರಳುಗಳಾಗಿದ್ದು ಸುಲಭವಾಗಿ ಕರಗಿ ದ್ರವವಾಗದಿರುವುದಕ್ಕೆ ಇದೇ ಕಾರಣ.

ಇಂಗಾಲದ ನಾಲ್ಕು ಕೈಗಳು ಕಾಗದದ ಮೇಲೆ ಬರೆದಂತೆ ಒಂದೇ ಸಮತಲದಲ್ಲಿಲ್ಲ. ಚತುರ್ಮುಖಘನದ ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿವೆ. ನಾಲ್ಕರಲ್ಲಿಯೂ ಬೇರೆ ಬೇರೆ ಗುಂಪುಗಳಿದ್ದರೆ ಅವನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಒಂದು ಜೋಡಣೆ ಇನ್ನೊಂದರ ಕನ್ನಡಿಯ ಬಿಂಬದಂತಿರುವುದು. ನಮ್ಮ ಎಡಗೈಯನ್ನು ಹೇಗೆ ತಿರುಗಿಸಿದರೂ ಬಲಗೈಯಾಗದು. ಹಾಗೆಯೇ ಈ ಎರಡು ಅಣುಗಳು. ಗ್ಲೈಸೀನಿನಲ್ಲಿ ಎರಡು ಕೈಗಳೂ ಜಲಜನಕವನ್ನೇ ಹಿಡಿದಿರುವುದರಿಂದ ಅದಕ್ಕೆ ಈ ಭೇದವಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ, ಎರಡರಲ್ಲಿ ಯಾವುದನ್ನು ಎಡವೆನ್ನಬೇಕು ಎಂಬ ಪ್ರಶ್ನೆ ಏಳುವುದು. ಇದು ನೋಟದ ಪ್ರಶ್ನೆಯಲ್ಲ, ಒಪ್ಪಂದದ ಪ್ರಶ್ನೆ. ನಮ್ಮ ನಾಡಿನ ಬಲಮುರಿ ಶಂಖವೇ ಇದಕ್ಕೆ ಒಳ್ಳೆಯ ಉದಾಹರಣೆ. ಪೂಜೆಗೆ ಶ್ರೇಷ್ಠವೆಂದು ನಾವು ಭಾವಿಸುವ, ಬಹು ಅಪೂರ್ವವಾದ ಬಲಮುರಿಯನ್ನು ಪ್ರಾಣಿಶಾಸ್ತ್ರಜ್ಞರು ತಮ್ಮ ಗ್ರಂಥಗಳಲ್ಲಿ ಎಡಸುತ್ತಿನ ಶಂಖವೆಂದು ಬರೆಯುವರು. ಇಬ್ಬರೂ ನೋಡುತ್ತಿರುವ ಶಂಖ ಒಂದೇ. ಅವರು ಶಿಖರವನ್ನು ಮೇಲುಮಾಡಿ ಹಿಡಿದು ಬಾಯಿ ಯಾವ ಕಡೆಗಿದೆಯೆಂದು ನೋಡುವರು. ನಮ್ಮವರು ಶಿಖರವನ್ನು ಕೆಳಗುಮಾಡಿ ಹಿಡಿದು ನೋಡುವರು. ಶಂಖದ ಸುತ್ತು ಯಾರ ಕೈಯಲ್ಲಿಯೂ ಬದಲಾಗುವುದಿಲ್ಲ, ಹೆಸರು ಬದಲಾಗುತ್ತದೆ. ಅಮೈನೋ ಆಮ್ಲಗಳಲ್ಲಿ ಇಂದು ನಡೆಯುತ್ತಿರುವ ಒಪ್ಪಂದವೂ ಇಂಥದೇ: ಕಾರ್ಬಾಕ್ಸಿಲ್ ಗುಂಪನ್ನು ಮೇಲಕ್ಕೂ ಪಾರ್ಶ್ವಗುಂಪನ್ನು ಕೆಳಕ್ಕೂ ಇರಿಸಿ, ಅವೆರಡೂ ನೋಡುವವನಿಂದ ಹಿಂದಕ್ಕೆ ಸರಿದಿರುವಂತೆ ಹಿಡಿದರೆ, ಅಮೈನೋ ಗುಂಪು ಎಡಕ್ಕೆ ಬಂದರೆ ಅದು ‘ಎಲ್’, ಬಲಕ್ಕೆ ಬಂದರೆ ‘ಡಿ’.

ಇದರ ಜೊತೆಗೆ ಇನ್ನೊಂದು ಎಡಬಲವಿದೆ. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಇಂಥ ದ್ರಾವಣಗಳ ಮೂಲಕ ಹಾಯಿಸಿದರೆ ಆ ಸಮತಲವು ಬಲಕ್ಕೋ ಎಡಕ್ಕೋ ಹೊರಳುವುದು. ಬಿಯೋ ಎಂಬ ಫ್ರೆಂಚ್ ವಿದ್ವಾಂಸನು 1815ರಲ್ಲಿ ದ್ರವಗಳಲ್ಲಿ ಇದನ್ನು ಕಂಡನು. ಇದು ಅಳತೆಯಿಂದ ತಿಳಿಯುವ ಗುಣ. ಅಣುವಿನ ಆಕಾರವನ್ನು ನೇರವಾಗಿ ಹೇಳುವುದಿಲ್ಲ. ಈ ಲೇಖನದಲ್ಲಿ ಬೆಳಕಿನ ಹೊರಳುವಿಕೆಗೆ ಎಡಮುರಿ, ಬಲಮುರಿ ಎಂಬ ಮಾತುಗಳನ್ನೂ ಅಣುವಿನ ವಿನ್ಯಾಸಕ್ಕೆ ಎಡಗೈ, ಬಲಗೈ ಎಂಬ ಮಾತುಗಳನ್ನೂ ಬಳಸಿದೆ. ಕನ್ನಡದಲ್ಲಿ ಎರಡಕ್ಕೂ ‘ವಾಮ’ ‘ದಕ್ಷಿಣ’ ಎಂದು ಬರೆದರೆ ಏನಾಗುವುದೆಂಬುದು ಮುಂದೆ ತಿಳಿಯುವುದು.

ಅಮೈನೋ ಆಮ್ಲಗಳಲ್ಲಿ ಮೊದಲು ಕೈಗೆ ಸಿಕ್ಕಿದುದು ಆಸ್ಪರಜೀನ್. 1806ರಲ್ಲಿ ವೋಕ್ಲಾನ್ ಮತ್ತು ರೊಬಿಕೆ ಎಂಬವರು ಆಸ್ಪರಾಗಸ್ ಎಂಬ ಗಿಡದ ರಸದಿಂದ ಅದರ ಹರಳುಗಳನ್ನು ಪಡೆದರು. 1810ರಲ್ಲಿ ವುಲಸ್ಟನ್ನನು ಮೂತ್ರಕೋಶದ ಕಲ್ಲೊಂದರಲ್ಲಿ ಸಿಸ್ಟೀನಿನ ಜೋಡಿರೂಪವಾದ ಸಿಸ್ಟಿನನ್ನು ಕಂಡನು. 1820ರಲ್ಲಿ ಬ್ರಾಕೊನೋ ಜೆಲಟಿನನ್ನು ಗಂಧಕಾಮ್ಲದಲ್ಲಿ ಬೇಯಿಸಿ ಸಿಹಿಯಾದ ಗ್ಲೈಸೀನನ್ನು ಪಡೆದು ಅದನ್ನು ಒಂದು ಬಗೆಯ ಸಕ್ಕರೆಯೆಂದೇ ಭಾವಿಸಿದನು. 1846ರಲ್ಲಿ ಲೀಬಿಗನು ಗಿಣ್ಣಿನ ಪ್ರೋಟೀನಿನಿಂದ ಟೈರೊಸೀನನ್ನು ಪಡೆದನು. ಗ್ರೀಕರ ಭಾಷೆಯಲ್ಲಿ ‘ಟೈರೋಸ್’ ಎಂದರೆ ಗಿಣ್ಣು. ಈ ಪಟ್ಟಿಯನ್ನು ಬೆಳಸುವುದು ಬೇಡ. ಇವರಲ್ಲಿ ಯಾರಿಗೂ ಇವೆಲ್ಲ ಒಂದೇ ಕುಟುಂಬದವೆಂಬುದಾಗಲಿ, ಪ್ರೋಟೀನಿನ ಘಟಕಗಳೆಂಬುದಾಗಲಿ ಸ್ಪಷ್ಟವಾಗಿರಲಿಲ್ಲ. ಮೊದಲು ದೊರೆತ ಆಸ್ಪರಜೀನೇ ಪ್ರೋಟೀನಿನೊಳಗೆ ಆ ರೂಪದಲ್ಲಿಯೇ ಇರುವುದೆಂದು ತೋರಿಸಿಕೊಟ್ಟುದು 1932ರಲ್ಲಿ. ತೋರಿಸಿದವರು ನಮ್ಮ ದೇಶದವರೇ ಆದ ಎಂ. ದಾಮೋದರನ್ ಅವರು.

ಆಸ್ಪರಜೀನಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಟಾರ್ಟಾರಿಕ್ ಆಮ್ಲದ ಸೋಡಿಯಂ–ಅಮೋನಿಯಂ ಲವಣದ ಹರಳುಗಳಲ್ಲಿ ಒಂದು ಮತ್ತೊಂದರ ಬಿಂಬದಂತಿದ್ದ ಎರಡು ಬಗೆಗಳನ್ನು 1848ರಲ್ಲಿ ಪಾಸ್ಚರನು ಕೈಯಿಂದಲೇ ಆರಿಸಿ ಬೇರ್ಪಡಿಸಿದ ಕಥೆ ಎಲ್ಲರೂ ಬಲ್ಲುದು. ಹಾಗೆ ಬೇರ್ಪಡಿಸಿದವುಗಳಲ್ಲಿ ಒಂದು ಬಲಮುರಿಯಾಗಿಯೂ ಇನ್ನೊಂದು ಅಷ್ಟೇ ಎಡಮುರಿಯಾಗಿಯೂ ಬೆಳಕನ್ನು ಹೊರಳಿಸಿದುವು. ವೃದ್ಧನಾಗಿದ್ದ ಬಿಯೋ ಇದನ್ನು ನಂಬದೆ ತನ್ನ ಕಣ್ಣೆದುರಿಗೇ ಮತ್ತೊಮ್ಮೆ ಮಾಡಿಸಿ ನೋಡಿ ಒಪ್ಪಿದನು. ಆಮೇಲೆ ಪಾಸ್ಚರನು ಆಸ್ಪರಜೀನನ್ನೂ ಅದರಿಂದ ಆಗುವ ಆಸ್ಪಾರ್ಟಿಕ್ ಆಮ್ಲವನ್ನೂ ಪರೀಕ್ಷಿಸಿದನು. ಗಿಡದಿಂದ ಪಡೆದ ಆಮ್ಲಕ್ಕೆ ಬೆಳಕನ್ನು ಹೊರಳಿಸುವ ಶಕ್ತಿಯುಂಟು. ದೆಸೇಞ್ ಎಂಬವನು ಪ್ರಯೋಗಶಾಲೆಯಲ್ಲಿ ಮಾಡಿದ ಅದೇ ಆಮ್ಲಕ್ಕೆ ಆ ಶಕ್ತಿಯಿಲ್ಲ. ಜೀವಕ್ಕೂ ಈ ಎಡಬಲಕ್ಕೂ ಆಳವಾದ ಸಂಬಂಧವಿದೆಯೆಂಬ ಪಾಸ್ಚರನ ನಂಬಿಕೆ ಇದರಿಂದ ಗಟ್ಟಿಯಾಯಿತು.

1886ರಲ್ಲಿ ಇಟಲಿಯ ಪಿಯುತ್ತಿ ಎಂಬವನು ಮೊಳೆಸಿದ ಕಾಳಿನ ರಸದಿಂದ ಆಸ್ಪರಜೀನನ್ನು ದೊಡ್ಡ ಪ್ರಮಾಣದಲ್ಲಿ ಶೋಧಿಸುವಾಗ, ಉಳಿದ ದ್ರವದಲ್ಲಿ ಎದುರು ಕೈಯ ಆಸ್ಪರಜೀನೂ ಸ್ವಲ್ಪ ದೊರೆಯಿತು. ರುಚಿನೋಡಿದನು. ಸಹಜವಾದ ಆಸ್ಪರಜೀನ್ ಸಪ್ಪೆ, ಇದು ಸಿಹಿ! ತೂಕ ಒಂದೇ, ಘಟಕಗಳು ಒಂದೇ, ಅವುಗಳ ಕ್ರಮವೂ ಒಂದೇ. ಎಡಬಲವೊಂದು ಬೇರೆಯಾದುದಕ್ಕೆ ನಾಲಗೆ ಅವೆರಡನ್ನೂ ಬೇರೆ ಬೇರೆ ವಸ್ತುಗಳೆಂದು ಹೇಳಿತು. ನಾಲಗೆಯ ನರದಲ್ಲಿರುವ ವಸ್ತುವೂ ಎಡಬಲದ ಭೇದವುಳ್ಳದ್ದಾಗಿರಬೇಕೆಂದು ಪಾಸ್ಚರನು ಕೂಡಲೇ ಊಹಿಸಿದನು. ಮಾಪಕಯಂತ್ರವಿಲ್ಲದೆ ಬರಿಯ ನಾಲಗೆಯಿಂದಲೇ ಅಣುವಿನ ಎಡಬಲವನ್ನು ತಿಳಿದ ಈ ಪ್ರಸಂಗವು ವಿಜ್ಞಾನದ ಚರಿತ್ರೆಯಲ್ಲಿ ಇನ್ನೂ ಹೆಚ್ಚು ಪ್ರಸಿದ್ಧವಾಗಬೇಕಾಗಿತ್ತು.

ಈ ಭೇದಕ್ಕೆ ಕಾರಣವನ್ನು ಹೇಳಿದವರು ವಾನ್‌ಟ್ ಹಾಫ್ ಮತ್ತು ಲ ಬೆಲ್. ಇಬ್ಬರೂ 1874ರಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆ, ಇಂಗಾಲದ ನಾಲ್ಕು ಕೈಗಳ ವಿಚಾರವನ್ನು ಪ್ರಕಟಿಸಿದರು. ಆಗ ವಾನ್‌ಟ್ ಹಾಫನಿಗೆ ಇಪ್ಪತ್ತೆರಡು ವರ್ಷ. ಅವನ ಕಿರುಹೊತ್ತಗೆ ಹೊರಟುದು ಹಾಲೆಂಡಿನ ಯುಟ್ರೆಕ್ಟ್ ನಗರದಲ್ಲಿ. ಜರ್ಮನಿಯ ಹಿರಿಯ ರಸಾಯನಜ್ಞನಾದ ಕೋಲ್ಬೆ 1877ರಲ್ಲಿ ಇದನ್ನು ಓದಿ ಸಿಟ್ಟಾದನು. ಯುಟ್ರೆಕ್ಟಿನ ಪಶುವೈದ್ಯಶಾಲೆಯ ಉಪಾಧ್ಯಾಯನೊಬ್ಬನು ಆ ಶಾಲೆಯ ಲಾಯದಿಂದ ರೆಕ್ಕೆಕುದುರೆಯೊಂದನ್ನು ಎರವಲು ತಂದು ಆಕಾಶಕ್ಕೆ ಹಾರಿ ಪರಮಾಣುಗಳನ್ನು ಕಂಡುಬಂದಿದ್ದಾನೆಂಬ ಭಾವದ ಪರಿಹಾಸವನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಮಾಡಿದನು. ಕೋಲ್ಬೆಯ ಮಾತಿನಲ್ಲಿ ಅಸೂಯೆಯಿತ್ತೋ ಎಚ್ಚರವಿತ್ತೋ ತೀರ್ಮಾನಿಸುವುದು ಕಷ್ಟ. ಕಾಣದುದನ್ನು ಕಂಡಂತೆ ಚಿತ್ರಿಸಬಾರದೆಂಬ ಅವನ ಆಕ್ಷೇಪಣೆಯಲ್ಲಿ ಒಂದು ತಿರುಳಿತ್ತೆಂದು ನಮಗೆ ತೋರುತ್ತದೆ. ರಸಾಯನಶಾಸ್ತ್ರದ ಮೊದಲ ನೊಬೆಲ್ ಬಹುಮಾನವು 1901ರಲ್ಲಿ ಬಂದುದು ಈ ಪಶುವೈದ್ಯಶಾಲೆಯ ಉಪಾಧ್ಯಾಯನಿಗೇ.

ವಾನ್‌ಟ್ ಹಾಫನು ಎರಡು ವಿನ್ಯಾಸಗಳುಂಟೆಂದು ಹೇಳಿದನೇ ಹೊರತು, ಬಾಟಲಿಯೊಳಗಿರುವ ಬಲಮುರಿ ವಸ್ತುವಿನ ಅಣು ಆ ಎರಡರಲ್ಲಿ ಯಾವುದೆಂದು ಹೇಳಲಿಲ್ಲ. ಹೇಳಲು ಆಗ ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಸಕ್ಕರೆಗಳ ವಿನ್ಯಾಸವನ್ನು ಶೋಧಿಸುತ್ತಿದ್ದ ಎಮಿಲ್ ಫಿಷರನಿಗೆ ಏನಾದರೊಂದನ್ನು ಬರೆಯಲೇಬೇಕಾಗಿತ್ತು. ದ್ರಾಕ್ಷಾಶರ್ಕರದ ಅಣುವಿನಲ್ಲಿ ಇಂಥ ನಾಲ್ಕು ಕೇಂದ್ರಗಳು. ಒಂದರ ಕೈ ಗೊತ್ತಾದರೆ ಮಿಕ್ಕವು ಅದಕ್ಕೆ ಸಂಬಂಧಿಸಿ ಹೇಗಿವೆಯೆಂಬುದನ್ನು ಅವನು ತರ್ಕದಿಂದ ನಿರ್ಣಯಿಸಬಲ್ಲವನಾಗಿದ್ದನು. ಮೊದಲನೆಯದನ್ನು ಮಾತ್ರ ಊಹಿಸಿಕೊಳ್ಳಬೇಕು. 1891ರಲ್ಲಿ ಫಿಷರನು ಎರಡರಲ್ಲಿ ಒಂದನ್ನು ಆರಿಸಿ ಬಲಕ್ಕೆ ಬರೆದನು. ಇದು ನಾಣ್ಯವನ್ನು ಚಿಮ್ಮಿ ನೋಡಿದಂತೆ. ಸರಿಯಾಗುವ ಸಂಭವ ಎಷ್ಟೋ ತಪ್ಪಾಗುವ ಸಂಭವವೂ ಅಷ್ಟೇ. ತಾನು ಮಾಡುತ್ತಿರುವುದೇನೆಂಬುದು ಫಿಷರನಿಗೆ ಚೆನ್ನಾಗಿ ತಿಳಿದಿತ್ತು. ತಪ್ಪಾಗಿದ್ದರೂ ಎಲ್ಲ ಚಿತ್ರಗಳೂ ಒಟ್ಟಿಗೆ ಕನ್ನಡಿಯ ಬಿಂಬಗಳಾಗುವುವೇ ಹೊರತು ಅವುಗಳ ಪರಸ್ಪರ ಸಂಬಂಧ ಕೆಡುವುದಿಲ್ಲ. ಆ ಧೈರ್ಯದ ಮೇಲೆ ಇಡಿಯ ಕಟ್ಟಡ ಎದ್ದಿತು.

ತೊಡಕು ಬಂದುದು ಅಕ್ಷರಗಳಿಂದ. ಫಿಷರನು ಸಕ್ಕರೆಗಳಲ್ಲಿ ‘ಡಿ’ ‘ಎಲ್’ ಎಂಬ ಸಣ್ಣ ಅಕ್ಷರಗಳನ್ನು ವಂಶವನ್ನು ಸೂಚಿಸಲು ಬಳಸಿದನು. ಹಣ್ಣಿನ ಸಕ್ಕರೆಯು ಬೆಳಕನ್ನು ಎಡಮುರಿಯಾಗಿ ಹೊರಳಿಸಿದರೂ ದ್ರಾಕ್ಷಾಶರ್ಕರದ ವಂಶಕ್ಕೆ ಸೇರಿದುದರಿಂದ ಅದಕ್ಕೆ ‘ಡಿ’ ಎಂದೇ ಹೆಸರು. ಆದರೆ 1899ರಿಂದ ಮುಂದೆ, ಕೃತಕವಾಗಿ ಮಾಡಿದ ಅಮೈನೋ ಆಮ್ಲಗಳ ಮಿಶ್ರಣವನ್ನು ಕಾಸರ್ಕದಂಥ ಗಿಡಗಳ ವಿಷಕ್ಷಾರಗಳ ಸಹಾಯದಿಂದ ಎರಡು ಕೈಗಳಾಗಿ ಬೇರ್ಪಡಿಸುವ ಕೆಲಸಕ್ಕೆ ತೊಡಗಿದಾಗ, ಅವುಗಳ ವಂಶ ತಿಳಿಯದೆ ಇದ್ದುದರಿಂದ, ಅವೇ ಅಕ್ಷರಗಳು ಬೆಳಕಿನ ಹೊರಳುವಿಕೆಯನ್ನು ಸೂಚಿಸತೊಡಗಿದುವು. ಸಹಜವಾದ ಅಲನೀನ್ ನೀರಿನಲ್ಲಿ ಬಲಮುರಿ. ಆದಕಾರಣ ಅದು ‘ಡಿ’. ಸಹಜವಾದ ಸೆರೀನ್ ಎಡಮುರಿ. ಆದಕಾರಣ ಅದು ‘ಎಲ್’. 1907ರಲ್ಲಿ ಫಿಷರನೂ ರಾಸ್ಕೆಯೂ ಸಹಜವಾದ ಸೆರೀನನ್ನು ಸಹಜವಾದ ಅಲನೀನಾಗಿ ಪರಿವರ್ತಿಸಿದರು. ನಡುವಣ ಇಂಗಾಲದ ಕೈಗಳಲ್ಲಿ ಒಂದನ್ನೂ ಬಿಡಿಸದೆ, ಪಾರ್ಶ್ವಗುಂಪಿನ ತುದಿಯನ್ನು ಮಾತ್ರ ಮಾರ್ಪಡಿಸಿದ ಕೆಲಸವದು. ಹಾಗಾಗಿ ಎರಡಕ್ಕೂ ಒಂದೇ ಕೈಯೆಂಬುದು ನಿಸ್ಸಂದೇಹ. ಆದರೂ ಅಂದಿನ ಹೆಸರುಗಳಲ್ಲಿ ಹೇಳುವುದಾದರೆ ‘ಎಲ್’ ಸೆರೀನ್ ‘ಡಿ’ ಅಲನೀನಾಯಿತು! ಏನೂ ತಿರುಗದಿರುವಾಗ ಹೆಸರು ತಿರುಗಿತು.

ಬೆಳಕಿನ ಹೊರಳುವಿಕೆಯಾದರೂ ನಿಶ್ಚಿತವಾದುದೇ ಎಂದರೆ ಅದೂ ಅಲ್ಲ. ಸಹಜವಾದ ಲ್ಯೂಸೀನ್ ನೀರಿನಲ್ಲಿ ಎಡಮುರಿ. ಅದರ ವಿಶಿಷ್ಟ ಹೊರಳುವಿಕೆ ಸುಮಾರು 11 ಡಿಗ್ರಿ. ಅದನ್ನೇ ಪ್ರಬಲವಾದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಸುಮಾರು 15 ಡಿಗ್ರಿ ಬಲಮುರಿ. ಆಸ್ಪಾರ್ಟಿಕ್ ಆಮ್ಲದ ದ್ರಾವಣವನ್ನು ಕಾಯಿಸುತ್ತ ಹೋದರೆ ಬಲಮುರಿಯು ಕುಗ್ಗಿ ಶೂನ್ಯವಾಗಿ ಕಡೆಗೆ ಎಡಮುರಿಯಾಗುವುದು. ಕಾಯಿಸಿದ ಮಾತ್ರಕ್ಕೆ ಹೆಸರು ಬದಲಾಗುವ ವಸ್ತುವಿಗೆ ಹೆಸರಿಟ್ಟು ಪ್ರಯೋಜನವೇನು? ಆದರೆ ಇದೇ ಗೊಂದಲದಲ್ಲಿ ಒಂದು ಸುಳಿವೂ ಅಡಗಿತ್ತು. ರೀಗಾ ನಗರದ ಲುಟ್ಸ್ ಮತ್ತು ಯಿರ್ಗೆನ್ಸನ್ಸ್ ಎಂಬವರು 1930–31ರಲ್ಲಿ ತೋರಿಸಿದಂತೆ, ಸಹಜವಾದ ಅಮೈನೋ ಆಮ್ಲಗಳೆಲ್ಲ ಆಮ್ಲವನ್ನು ಬೆರಸಿದಾಗ ಬಲಮುರಿಯ ಕಡೆಗೇ ಸರಿಯುವುವು. ಎಲ್ಲಿ ನಿಂತಿದೆಯೆಂಬುದು ಮುಖ್ಯವಲ್ಲ, ಯಾವ ಕಡೆಗೆ ಸರಿಯುತ್ತದೆಂಬುದು ಮುಖ್ಯ. ಸಹಜವಾದುವುಗಳೆಲ್ಲವೂ ಒಂದೇ ಕೈಯವಿರಬೇಕೆಂಬ ಅನುಮಾನಕ್ಕೆ ಇದು ಒಳ್ಳೆಯ ಆಧಾರವಾಯಿತು.

ಹಾಗಾದರೆ ಆ ಒಂದು ಕೈ ಯಾವುದು? 1906ರಲ್ಲಿ ನ್ಯೂಯಾರ್ಕಿನ ರೋಸನಾಫ್ ಎಂಬವನು, ಎಲ್ಲ ವಂಶಗಳಿಗೂ ಗ್ಲಿಸರಾಲ್ಡಿಹೈಡ್ ಎಂಬ ಚಿಕ್ಕ ಸಕ್ಕರೆಯನ್ನು ಮೂಲಪುರುಷನನ್ನಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿದನು. 1917ರಲ್ಲಿ ವೋಲ್ ಮತ್ತು ಮೊಂಬರ್ ಅದಕ್ಕೂ ಟಾರ್ಟಾರಿಕ್ ಆಮ್ಲಕ್ಕೂ ಇರುವ ಸಂಬಂಧವನ್ನು ನಿರ್ಧರಿಸಿದರು. ಇನ್ನು ಉಳಿದುದು ಅಮೈನೋ ಆಮ್ಲಗಳಿಂದ ಈ ಮೂಲಕ್ಕೆ ಒಂದು ದಾರಿ ಮಾಡುವುದು. ಅಲ್ಲಿಯೇ ಕಷ್ಟ. ಸಕ್ಕರೆಯ ಕೇಂದ್ರದಲ್ಲಿ ಆಮ್ಲಜನಕವಿದೆ, ಅಮೈನೋ ಆಮ್ಲದ ಕೇಂದ್ರದಲ್ಲಿ ಸಾರಜನಕವಿದೆ. ಒಂದನ್ನು ಕಿತ್ತು ಇನ್ನೊಂದನ್ನು ಇಡಬೇಕು. ಹಾಗೆ ಕೀಳುವಾಗ ಅಣುವು ಗಾಳಿಗೆ ಮಗುಚಿಕೊಂಡ ಕೊಡೆಯಂತೆ ತಿರುವುಮುರುವಾಗಬಹುದೆಂಬುದನ್ನು ವಾಲ್ಡನ್ನನು 1896ರಲ್ಲಿಯೇ ತೋರಿಸಿದ್ದನು. ಅವನು ಎಡಮುರಿಯಾದ ಮಾಲಿಕ್ ಆಮ್ಲದಿಂದ ಹೊರಟು ಎರಡು ಹೆಜ್ಜೆಗಳಲ್ಲಿ ಬಲಮುರಿಯಾದ ಮಾಲಿಕ್ ಆಮ್ಲಕ್ಕೆ ಬಂದನು. ಎರಡರಲ್ಲಿ ಯಾವ ಹೆಜ್ಜೆಯಲ್ಲಿ ಮಗುಚಿತು? ಬಹುಕಾಲ ಯಾರಿಗೂ ಹೇಳಲಾಗಲಿಲ್ಲ. ಮಗುಚುವುದು ಯಾವಾಗ, ಮಗುಚದಿರುವುದು ಯಾವಾಗ ಎಂಬುದಕ್ಕೆ ಲಂಡನ್ನಿನ ಹ್ಯೂಸ್ ಮತ್ತು ಇಂಗೋಲ್ಡ್ 1930ರ ದಶಕದಲ್ಲಿ ನಿಯಮಗಳನ್ನು ಕಂಡುಹಿಡಿಯುವವರೆಗೆ ಈ ಸೇತುವೆಯ ಮೇಲೆ ಧೈರ್ಯವಾಗಿ ಕಾಲಿಡುವಂತಿರಲಿಲ್ಲ.

ಸೇತುವೆಯನ್ನು ಬಿಟ್ಟು ಇನ್ನೊಂದು ದಾರಿಯನ್ನು ಹಿಡಿದವರೂ ಉಂಟು. ಏಡಿ, ಸಿಗಡಿಗಳ ಚಿಪ್ಪಿನಿಂದ ದೊರೆಯುವ ಗ್ಲೂಕೊಸಮೀನ್ ಎಂಬ ಸಕ್ಕರೆಯಲ್ಲಿ ಒಂದು ಕೇಂದ್ರಕ್ಕೆ ಸಾರಜನಕವೇ ಹತ್ತಿಕೊಂಡಿದೆ. ಅದರ ವಿನ್ಯಾಸವನ್ನು ಹಾವರ್ಥ್ ಮತ್ತು ಅವನ ಜೊತೆಗಾರರು 1939ರಲ್ಲಿ ನಿರ್ಣಯಿಸಿದ್ದರು. 1949ರಲ್ಲಿ ವುಲ್ಫ್ರಮ್, ಲೆಮ್ಯೂ ಮತ್ತು ಓಲಿನ್ ಈ ಸಕ್ಕರೆಯ ತಲೆಯ ಇಂಗಾಲವನ್ನು ಮೀಥೈಲ್ ಗುಂಪಾಗಿ ಮಾಡಿ, ಬಾಲವನ್ನು ಕತ್ತರಿಸಿ, ಕತ್ತರಿಸಿದ ಕಡೆ ಕಾರ್ಬಾಕ್ಸಿಲ್ ಗುಂಪು ಬರುವಂತೆ ಮಾಡಿದರು. ಸಾರಜನಕವಿದ್ದ ಕೇಂದ್ರದ ನಾಲ್ಕು ಕೈಗಳಲ್ಲಿ ಒಂದೂ ಬಿಡಲಿಲ್ಲ. ದೊರೆತುದು ಸಹಜವಾದ ಅಲನೀನ್. ಸಕ್ಕರೆಯ ಚಿತ್ರದಲ್ಲಿ ಬಲಕ್ಕಿದ್ದ ಸಾರಜನಕವು, ಕಾರ್ಬಾಕ್ಸಿಲ್ ಗುಂಪನ್ನು ಮೇಲಕ್ಕೆ ತರಲು ಚಿತ್ರವನ್ನು ತಲೆಕೆಳಗುಮಾಡಿದಾಗ ಎಡಕ್ಕೆ ಬಂದಿತು. ಮೇಲೆ ಹೇಳಿದ ಶಂಖದ ದೃಷ್ಟಾಂತವನ್ನು ವಾಚಕರು ಇಲ್ಲಿ ನೆನೆಯಬಹುದು. ಅಂತು ಸಹಜವಾದ ಅಮೈನೋ ಆಮ್ಲಗಳು ಎಡಗೈಯ ಗ್ಲಿಸರಾಲ್ಡಿಹೈಡಿನ ವಂಶದವೆಂದು ನೇರವಾಗಿ ಸಿದ್ಧವಾಯಿತು.

ಅಕ್ಷರಗಳ ಗೊಂದಲವು ಇಷ್ಟರಲ್ಲಿ ಪರಾಕಾಷ್ಠೆಗೆ ಏರಿದ್ದುದು ಥ್ರಿಯೊನೀನಿನ ವಿಷಯದಲ್ಲಿ. ಪ್ರೋಟೀನಿನ ಇಪ್ಪತ್ತು ಘಟಕಗಳಲ್ಲಿ ಕಟ್ಟಕಡೆಗೆ ಪತ್ತೆಯಾದುದು ಇದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ರೋಸ್ ಎಂಬ ಪ್ರಾಧ್ಯಾಪಕನು ಅದುವರೆಗೆ ತಿಳಿದಿದ್ದ ಅಮೈನೋ ಆಮ್ಲಗಳನ್ನೆಲ್ಲ ಬೆರಸಿ ಇಲಿಗಳಿಗೆ ತಿನ್ನಿಸಿದರೂ ಅವು ಬೆಳೆಯಲಿಲ್ಲ. ತಿಳಿಯದ ಇನ್ನೊಂದು ಇರಲೇಬೇಕೆಂದು ಹುಡುಕಿ 1935ರಲ್ಲಿ ಅದನ್ನು ಬೇರ್ಪಡಿಸಿದನು. ಇದರ ಅಣುವಿನಲ್ಲಿ ಎಡಬಲದ ಕೇಂದ್ರಗಳು ಎರಡು. ವಿನ್ಯಾಸವು ಥ್ರಿಯೋಸ್ ಎಂಬ ಸಕ್ಕರೆಯನ್ನು ಹೋಲಿದುದರಿಂದ ಥ್ರಿಯೊನೀನ್ ಎಂಬ ಹೆಸರು ಬಂದಿತು. ಸಕ್ಕರೆಗಳ ಪದ್ಧತಿಯಲ್ಲಿ ಕೆಳಗಿನ ಕೇಂದ್ರವನ್ನು ನೋಡಿ ಕೈಯನ್ನು ಹೇಳುವರು. ಹಾಗೆ ಇದಕ್ಕೆ ‘ಡಿ’ ಎಂದು ಹೆಸರಿಟ್ಟರು. ಅಮೈನೋ ಆಮ್ಲಗಳ ಪದ್ಧತಿಯಲ್ಲಿ ಸಾರಜನಕವಿರುವ ಕೇಂದ್ರವನ್ನು ನೋಡುವರು; ಹಾಗೆ ನೋಡಿದರೆ ಇದು ‘ಎಲ್’. ಒಂದೇ ಬಾಟಲಿಗೆ ಎರಡು ಚೀಟಿ! ಅಮೆರಿಕದ ರಸಾಯನಸಂಘದ ನಾಮಕರಣ ಸಮಿತಿಯು 1947ರ ನಿಯಮಗಳಲ್ಲಿ ಈ ವ್ಯಾಜ್ಯವನ್ನು ಬಗೆಹರಿಸಿತು. ವಿನ್ಯಾಸಕ್ಕೆ ದೊಡ್ಡ ಅಚ್ಚಿನ ಅಕ್ಷರವನ್ನು ಸಣ್ಣ ಗಾತ್ರದಲ್ಲಿ ಬಳಸಬೇಕು. ಬೆಳಕಿನ ಹೊರಳುವಿಕೆಯನ್ನು ಕೂಡಿಸುವ ಕಳೆಯುವ ಚಿಹ್ನೆಗಳಿಂದ ತೋರಿಸಬೇಕು. ಸಂಶಯ ಬಂದೆಡೆ ಸೆರೀನನ್ನು ಅನುಸರಿಸಿದೆಯೋ ಗ್ಲಿಸರಾಲ್ಡಿಹೈಡನ್ನು ಅನುಸರಿಸಿದೆಯೋ ಎಂಬುದಕ್ಕೆ ಅಕ್ಷರದ ಬುಡದಲ್ಲಿ ಗುರುತು ಹಾಕಬೇಕು. ನಲವತ್ತು ವರ್ಷಗಳ ಜಗಳಕ್ಕೆ ಅಚ್ಚುಮೊಳೆಯ ಗಾತ್ರವೇ ಪರಿಹಾರವಾದುದು ವಿನೋದಕರವಾಗಿದೆ.

ಈ ಮಧ್ಯೆ, ಜೀವರಾಶಿಯಲ್ಲಿ ಎಡಗೈಯೇ ಸಾರ್ವತ್ರಿಕವೋ ಎಂಬ ಚರ್ಚೆಯೂ ನಡೆದಿತ್ತು. 1937ರಲ್ಲಿ ಇವಾನೊವಿಚ್ ಮತ್ತು ಬ್ರುಕ್ನರ್, ನೆರಡಿ ರೋಗದ ಕ್ರಿಮಿಯ ಹೊರಕವಚವು ಬಲಗೈಯ ಗ್ಲುಟಾಮಿಕ್ ಆಮ್ಲದಿಂದಾಗಿದೆಯೆಂದು ತೋರಿಸಿದರು. ಇದು ನಿಜವೆಂದು ನಿಂತಿದೆ. 1939ರಲ್ಲಿ ಯುಟ್ರೆಕ್ಟಿನ ಕೋಗಲ್ ಮತ್ತು ಎರ್ಕ್ಸ್‌ಲೇಬೆನ್, ಅರ್ಬುದರೋಗದ ಗಂಟುಗಳ ಪ್ರೋಟೀನಿನಲ್ಲಿಯೂ ಈ ಬಲಗೈಯ ಆಮ್ಲವುಂಟೆಂದು ಸಾರಿದಾಗ ವಿದ್ವಲ್ಲೋಕ ತಲ್ಲಣಿಸಿತು. ರೋಗದ ಮರ್ಮವೇ ಸಿಕ್ಕಿತೆಂದು ಕೆಲವರು ನಂಬಿದರು. ಬೇರೆ ಪ್ರಯೋಗಶಾಲೆಗಳಲ್ಲಿ ಮಾಡಿ ನೋಡಿದಾಗ ಅದು ದೃಢಪಡಲಿಲ್ಲ, ಮಾತು ಬಿದ್ದುಹೋಯಿತು.

ಇಷ್ಟೆಲ್ಲ ಆದರೂ ಮೂಲದ ಪ್ರಶ್ನೆ ಹಾಗೆಯೇ ಉಳಿದಿತ್ತು. ಅಮೈನೋ ಆಮ್ಲಗಳು ಗ್ಲಿಸರಾಲ್ಡಿಹೈಡಿನ ವಂಶ, ಅದು ಟಾರ್ಟಾರಿಕ್ ಆಮ್ಲದ ಬಂಧು. ಆದರೆ ಈ ಬಂಧುಗಳಲ್ಲಿ ಒಬ್ಬರ ಮುಖವನ್ನೂ ಯಾರೂ ಕಂಡಿರಲಿಲ್ಲ. ಎಲ್ಲದರ ಬುಡದಲ್ಲಿ ಫಿಷರನ 1891ರ ಊಹೆ. ಕ್ಷಕಿರಣಗಳು ಹರಳಿನೊಳಗಿನ ಪರಮಾಣುಗಳ ನೆಲೆಯನ್ನು ತೋರಿಸಬಲ್ಲವಾದರೂ ಸಾಮಾನ್ಯವಾಗಿ ಎಡಗೈಯ ಹರಳೂ ಬಲಗೈಯ ಹರಳೂ ಒಂದೇ ಬಗೆಯ ಚುಕ್ಕೆಗಳನ್ನು ಕೊಡುವುವು. ಇದಕ್ಕೆ ಒಂದು ಅಪವಾದವುಂಟು. ಕಿರಣದ ಅಲೆಯುದ್ದವು ಹರಳಿನಲ್ಲಿರುವ ಒಂದು ಭಾರವಾದ ಪರಮಾಣು ಹೀರಿಕೊಳ್ಳುವ ಅಲೆಯುದ್ದಕ್ಕೆ ತೀರ ಹತ್ತಿರವಾಗಿದ್ದರೆ, ಆ ಪರಮಾಣುವಿನಿಂದ ಚದರುವ ಅಲೆಯು ತನ್ನ ತಾಳವನ್ನು ತುಸು ತಪ್ಪುವುದು. ಆಗ ಜೋಡಿಚುಕ್ಕೆಗಳ ಕಪ್ಪಿನಲ್ಲಿ ಸಣ್ಣ ವ್ಯತ್ಯಾಸ ಕಾಣುವುದು. ಸತುವಿನ ಗಂಧಕದ ಹರಳಿನಲ್ಲಿ ಕೋಸ್ಟರನು 1930ರಲ್ಲಿ ಇದನ್ನು ಪ್ರಯೋಗಿಸಿದ್ದನು. ಅದನ್ನು ಅಣುವಿನ ಎಡಬಲಕ್ಕೆ ಅನ್ವಯಿಸಿದವನು ಬೈಫೂಟ್. ಕೆಲಸ ನಡೆದುದು ಅದೇ ಯುಟ್ರೆಕ್ಟ್ ನಗರದಲ್ಲಿ, ವಾನ್‌ಟ್ ಹಾಫನ ಹೆಸರನ್ನೇ ಹೊತ್ತಿರುವ ಪ್ರಯೋಗಶಾಲೆಯಲ್ಲಿ. ಪೀರ್ಡೆಮಾನ್ ಮತ್ತು ವಾನ್ ಬೊಮ್ಮೆಲ್ ಎಂಬ ಜೊತೆಗಾರರೊಡನೆ ಅವನು ಆರಿಸಿಕೊಂಡ ವಸ್ತು ಟಾರ್ಟಾರಿಕ್ ಆಮ್ಲದ ಸೋಡಿಯಂ–ರುಬಿಡಿಯಂ ಲವಣ. ಪಾಸ್ಚರನ ಲವಣದಲ್ಲಿ ಅಮೋನಿಯಂ ಇದ್ದೆಡೆಯಲ್ಲಿ ಇದರಲ್ಲಿ ರುಬಿಡಿಯಂ. ಕ್ಷಕಿರಣಗಳು ಜಿರ್ಕೋನಿಯಂ ಲೋಹದಿಂದ ಹೊರಟುವು.

1951ರಲ್ಲಿ ಫಲಿತಾಂಶ ಪ್ರಕಟವಾಯಿತು: ಫಿಷರನು ಬಲಕ್ಕೆ ಬರೆದುದು ಬಲಕ್ಕೇ ಇದ್ದಿತು. ಒಂದು ಪುಟದಷ್ಟೇ ಇದ್ದ ಆ ಪತ್ರವು ಅರುವತ್ತು ವರ್ಷಗಳ ಚಿತ್ರಗಳನ್ನೆಲ್ಲ ಉಳಿಸಿತು. ಊಹೆ ತಪ್ಪಾಗಿದ್ದರೆ ಗ್ರಂಥಭಂಡಾರಗಳಲ್ಲಿದ್ದ ಸಕ್ಕರೆ, ಅಮೈನೋ ಆಮ್ಲಗಳ ಪ್ರತಿಯೊಂದು ಚಿತ್ರವನ್ನೂ ಕನ್ನಡಿಯಲ್ಲಿ ಹಿಡಿದು ಓದಬೇಕಾಗುತ್ತಿತ್ತು. ಫಿಷರನು 1919ರಲ್ಲಿಯೇ ತೀರಿಹೋಗಿದ್ದನು. ಅಮೈನೋ ಆಮ್ಲವೊಂದರ ಮೇಲೆಯೇ ಇದೇ ಪರೀಕ್ಷೆಯನ್ನು ಟ್ರೊಮ್ಮೆಲ್ ಮತ್ತು ಬೈಫೂಟ್ 1954ರಲ್ಲಿ ಐಸೊಲ್ಯೂಸೀನಿನ ಲವಣವನ್ನು ತೆಗೆದುಕೊಂಡು ಮಾಡಿದರು. ಅಲ್ಲಿಯೂ ಹೆಸರಿಗೂ ವಸ್ತುವಿಗೂ ಹೊಂದಿಕೆಯಾಯಿತು.

ಇದು ಬರಿಯ ಹೆಸರಿನ ಮಾತಲ್ಲವೆಂಬುದಕ್ಕೆ ಆ 1951ನೆಯ ವರ್ಷವೇ ಸಾಕ್ಷಿ. ಪ್ರೋಟೀನಿನ ಸರಪಣಿಯು ಸುರುಳಿಯಾಗಿ ಸುತ್ತಿಕೊಳ್ಳುವ ರೀತಿಯನ್ನು ಪೌಲಿಂಗ್, ಕೋರಿ ಮತ್ತು ಬ್ರಾನ್ಸನ್ ಅದೇ ವರ್ಷದಲ್ಲಿ ಪ್ರಕಟಿಸಿದರು. ಅವರ ಲೇಖನದಲ್ಲಿ ಆ ಸುರುಳಿಯ ಚಿತ್ರವು ಎಡಸುತ್ತಿನದಾಗಿತ್ತು. ಸರಪಣಿಯ ಘಟಕಗಳ ಕೈ ಯಾವುದೆಂಬುದರ ಮೇಲೆ ಸುರುಳಿ ಯಾವ ಕಡೆಗೆ ಸುತ್ತುವುದೆಂಬುದು ನಿಂತಿದೆ. ಎಡಗೈಯ ಘಟಕಗಳಿಂದಾದ ಸುರುಳಿಗೆ ಬಲಸುತ್ತೇ ಅನುಕೂಲ. ಕೆಂಡ್ರೂ 1960ರಲ್ಲಿ ಮಯೊಗ್ಲೋಬಿನ್ನಿನ ರಚನೆಯನ್ನು ವಿವರವಾಗಿ ಕಂಡಾಗ ಸುರುಳಿಗಳು ಬಲಸುತ್ತಿನವೇ ಆಗಿದ್ದುವು. ಈ ಸಂಬಂಧವನ್ನು ಗಣಿತಕ್ಕೆ ತಂದು ಒಂದು ಭೂಪಟದಂತೆ ಬಿಡಿಸಿದವರು ಜಿ. ಎನ್. ರಾಮಚಂದ್ರನ್ ಅವರು. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ರಾಮನ್ನರ ಶಿಷ್ಯರಾಗಿದ್ದು ಮುಂದೆ ಮದರಾಸಿನಲ್ಲಿ ಪ್ರಾಧ್ಯಾಪಕರಾದ ಇವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಅದನ್ನು ಪ್ರಕಟಿಸಿದರು. 1970ರ ದಶಕದಲ್ಲಿ ಪುನಃ ಬೆಂಗಳೂರಿಗೇ ಬಂದು ಕೆಲಸವನ್ನು ಮುಂದುವರಿಸಿದರು. ಸರಪಣಿಯ ಎರಡು ತಿರುವುಗಳಲ್ಲಿ ಯಾವ ಯಾವ ಕೋನಗಳು ಸಾಧ್ಯ, ಯಾವುವು ಪರಮಾಣುಗಳ ಘರ್ಷಣೆಯಿಂದ ಅಸಾಧ್ಯವೆಂಬುದನ್ನು ಆ ಪಟ ತೋರಿಸುವುದು. ಎಡಗೈಯ ಅಮೈನೋ ಆಮ್ಲಗಳಿಗೆ ಅನುಕೂಲವಾದ ಪ್ರದೇಶಗಳು ಬಹುಪಾಲು ಪಟದ ಎಡ ಅರ್ಧದಲ್ಲಿರುವುವು; ಬಲಗೈಯವುಗಳಿಗೆ ಪಟವು ತಿರುವುಮುರುವಾಗುವುದು; ಎಡಬಲವಿಲ್ಲದ ಗ್ಲೈಸೀನಿಗೆ ಮಾತ್ರ ಎರಡು ಕಡೆಯೂ ಸಮ.

ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಮೂಲಪುರುಷನನ್ನು ಅವಲಂಬಿಸದೆ, ಅಣುವಿನ ಚಿತ್ರವನ್ನೇ ನೋಡಿ ಹೆಸರು ಹೇಳುವ ಪದ್ಧತಿಯೊಂದನ್ನು ಕಾನ್, ಇಂಗೋಲ್ಡ್ ಮತ್ತು ಪ್ರೆಲೋಗ್ 1956ರಲ್ಲಿಯೂ 1966ರಲ್ಲಿಯೂ ವಿಸ್ತಾರವಾಗಿ ಪ್ರತಿಪಾದಿಸಿದರು. ನಾಲ್ಕು ಕೈಗಳಲ್ಲಿರುವ ಪರಮಾಣುಗಳ ಕ್ರಮಾಂಕವನ್ನು ನೋಡಿ ಹಿರಿದು ಕಿರಿದೆಂದು ಸಾಲುಮಾಡಿ, ಆ ಸಾಲು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ‘ಆರ್’, ಎದುರಾಗಿ ಸುತ್ತಿದರೆ ‘ಎಸ್’ ಎನ್ನುವರು. ಈ ಎಣಿಕೆಯಲ್ಲಿ ಪ್ರೋಟೀನಿನ ಎಡಗೈಯ ಆಮ್ಲಗಳೆಲ್ಲ ‘ಎಸ್’ ಆಗುವುವು. ಸಿಸ್ಟೀನೊಂದು ಮಾತ್ರ ‘ಆರ್’. ಅದರ ಕೈಯೇನೂ ಬೇರೆಯಲ್ಲ. ಪಾರ್ಶ್ವಗುಂಪಿನಲ್ಲಿರುವ ಗಂಧಕದ ಕ್ರಮಾಂಕವು ಕಾರ್ಬಾಕ್ಸಿಲಿನ ಆಮ್ಲಜನಕಕ್ಕಿಂತ ಹಿರಿದಾದುದರಿಂದ ಸಾಲಿನಲ್ಲಿ ಎರಡನೆಯದೂ ಮೂರನೆಯದೂ ಸ್ಥಾನವನ್ನು ಬದಲಾಯಿಸಿಕೊಂಡುವು, ಅಷ್ಟೆ. ಜೀವರಸಾಯನಜ್ಞರು ಈ ಕಾರಣದಿಂದಲೇ ಹಳೆಯ ‘ಎಲ್’ ಎಂಬುದನ್ನು ಬಿಡದೆ ಇಟ್ಟುಕೊಂಡಿರುವರು. ‘ಆರ್’ ಎಂಬುದು ಬಲವನ್ನು ಸೂಚಿಸಲು ಆರಿಸಿಕೊಂಡ ಲ್ಯಾಟಿನ್ ಮಾತಿನಿಂದ ಬಂದುದು. ಆದುದರಿಂದ ಕನ್ನಡದಲ್ಲಿ ಇದನ್ನೂ ‘ದಕ್ಷಿಣ’ವೆಂದು ಅನುವಾದಿಸುವವರು, ತಮ್ಮ ಪುಸ್ತಕದ ಒಂದೇ ಪುಟದಲ್ಲಿ ಸಹಜವಾದ ಸಿಸ್ಟೀನನ್ನು ವಾಮವೆಂದೂ ದಕ್ಷಿಣವೆಂದೂ ಕರೆಯಬೇಕಾದೀತು; ಅದರ ಜೊತೆಗೆ ಬೆಳಕಿನ ಹೊರಳುವಿಕೆಗೂ ಅವೇ ಮಾತುಗಳನ್ನು ಇಟ್ಟುಕೊಂಡಿದ್ದರೆ, 1907ರ ಸೆರೀನಿನ ಕಥೆಯನ್ನು ಓದುಗನು ಮತ್ತೊಮ್ಮೆ ಮೊದಲಿನಿಂದ ಅನುಭವಿಸಬೇಕಾಗುವುದು.